ಹುಳ ಸಾಕೋ ಮನೇಲಿ ‘ಸಾಕು’ ಅನ್ನದ ಕೈ

ನಮ್ ಕಡೆ, ಅಂದ್ರೆ ಶಿಡ್ಲಘಟ್ಟದ ಸುತ್ತಮುತ್ತ, ರೇಷ್ಮೆ ಹುಳದ ಮನೆಗೆ ಕೈಕಾಲು ತೊಳೀದೆ ಯಾರೂ ಕಾಲಿಡಲ್ಲ. ಬೆಳೆ ಎತ್ತಿದ ಮೇಲೆ ಮನೆಗೆ ಹೊಡೆಯೋ ಔಷಧಿಗೂ ಅಳತೆ ಇದೆ, ನೂರು ಲೀಟರ್ ನೀರಿಗೆ 2 ಕೆಜಿ ಬ್ಲೀಚಿಂಗ್ ಪೌಡರ್, 300 ಗ್ರಾಂ ಸುಣ್ಣ. ಹುಳಕ್ಕೆ ಹಾಲುತೊಂಡೆ ರೋಗನೋ ಸಪ್ಪೆ ರೋಗನೋ ಬಂತು ಅಂದ್ರೆ ಒಂದ್ ತಿಂಗಳ ದುಡಿಮೆ ತಿಪ್ಪೆಗೆ, ಅದಕ್ಕೇ ಇಷ್ಟು ಕಟ್ಟುನಿಟ್ಟು. ಅಪ್ಪ ಬಾಗಿಲ ಹತ್ರ ಬಕೆಟ್‌ನಲ್ಲಿ ಕೈ ತೊಳೆದು ಒಂದ್ ಸಲ ಝಾಡಿಸಿ ಒಳಗೆ ಹೋಗಿಬಿಡ್ತಿದ್ರು. ನಾನು ಅದೇ ಬಕೆಟ್ ಮುಂದೆ ಮುಕ್ಕಾಲು ಗಂಟೆ ಕೂತಿರ್ತಿದ್ದೆ.

ಸಾವಿರದಿನ್ನೂರು ಅಡಿ ಕೊರೆದ್ರೂ ನೀರು ಸಿಗದ ಊರಲ್ಲಿ ಟ್ಯಾಂಕರ್ ನೀರನ್ನ ಕೈ ಮೇಲೆ ಸುರ್ಕೊಳ್ಳೋ ಮಗನ್ನ ಕಂಡ್ರೆ ಮನೆಯವರಿಗೆ ಹೇಗಾಗಿರಬೇಡ ಹೇಳಿ. ಅವ್ವ, ಅಂದ್ರೆ ನಮ್ಮಜ್ಜಿ, ‘ಗಾಳಿ ಸೋಕೈತೆ’ ಅಂತ ತಾಯತ ಕಟ್ಟಿಸಿದ್ರು. ಆ ತಾಯತಾನೂ ದಿನಾ ತೊಳೀತಿದ್ದೆ ಅನ್ನೋದು ಬೇರೆ ವಿಷ್ಯ.

ಅಪ್ಪನ ಕೈಗೆ ‘ಸಾಕು’ ಅಂತ ಗೊತ್ತಾಗ್ತಿತ್ತು, ನನ್ ಕೈಗೆ ಗೊತ್ತಾಗ್ತಿರ್ಲಿಲ್ಲ, ಅಷ್ಟೇ ವ್ಯತ್ಯಾಸ. ಇದಕ್ಕೆ ಡಾಕ್ಟರ್‌ಗಳು ಕನ್ನಡದಲ್ಲಿ ಗೀಳು ಕಾಯಿಲೆ ಅಂತಾರೆ, ಓಸಿಡಿ ಅಂದ್ರೆ ಎಲ್ರಿಗೂ ಗೊತ್ತು. (ಚಪ್ಪಲಿ ಸಾಲಾಗಿ ಇಟ್ಟು ‘ನಂಗೂ ಸ್ವಲ್ಪ ಓಸಿಡಿ ಇದೆ’ ಅನ್ನೋರನ್ನ ನೋಡಿದ್ರೆ ನಂಗೆ ರೇಗತ್ತೆ, ಇರ್ಲಿ ಬಿಡಿ.)

ಒಳಗೆ ಏನಾಗತ್ತೆ ಅಂದ್ರೆ, ಹಣೆಯ ಹಿಂದೆ ಕಣ್ಣಿನ ಗೂಡಿನ ಮೇಲ್ಗಡೆ ಇರೋ ಮಿದುಳಿನ ಭಾಗ ‘ಏನೋ ತಪ್ಪಾಗಿದೆ’ ಅಂತ ಗಂಟೆ ಬಾರಿಸತ್ತೆ, ಆ ಸುದ್ದಿ ಆಳದಲ್ಲಿರೋ ಕಾಡೇಟ್, ಥಲಾಮಸ್ ಅನ್ನೋ ಜಾಗಗಳನ್ನ ಸುತ್ತಿ ವಾಪಸ್ ಬರತ್ತೆ. ಬೇರೆಯವರಲ್ಲಿ ಕೆಲಸ ಮುಗಿದ ತಕ್ಷಣ ಈ ಸುತ್ತಾಟ ತಣ್ಣಗಾಗತ್ತೆ. ನಮ್ಮಲ್ಲಿ ಆಗಲ್ಲ. ಪಂಪ್‌ಸೆಟ್ ಸ್ಟಾರ್ಟರ್‌ನಲ್ಲಿ ಕಾಂಟ್ಯಾಕ್ಟ್ ಅಂಟ್ಕೊಂಡ್ರೆ ಕೆಂಪು ಬಟನ್ ಎಷ್ಟ್ ಒತ್ತಿದ್ರೂ ಮೋಟಾರ್ ನಿಲ್ಲಲ್ಲ ನೋಡಿ, ಹಂಗೆ. ತೊಳೆಯೋದು ಅಂದ್ರೆ ಆ ಬಟನ್ ಒತ್ತೋದು. ಒತ್ತಿದಾಗ ಒಂದ್ ಕ್ಷಣ ಸಮಾಧಾನ ಸಿಗತ್ತೆ, ಮಿದುಳು ಅದನ್ನ ನೆನಪಿಟ್ಕೊಳ್ಳತ್ತೆ, ಮುಂದಿನ ಸಲ ಇನ್ನೂ ಜೋರಾಗಿ ಕೇಳತ್ತೆ.

ತಿಳ್ಕೊಂಡ್ರೆ ಹೋಗತ್ತೆ ಅಂತ ಅಂದ್ಕೊಂಡಿದ್ದೆ. ಬಿಎಸ್ಸಿ ಓದಿದ್ದೆ ಬೇರೆ. ಲೂಯಿ ಪಾಶ್ಚರ್ 1865ರಲ್ಲಿ ಫ್ರಾನ್ಸಿನ ಹುಳಕ್ಕೆ ಬಂದ ಗಂಟು ರೋಗದ ಹಿಂದೆ ಬಿದ್ದು, ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೂ ಬರತ್ತೆ, ಹಾಗಾಗಿ ಚಿಟ್ಟೆ ಅರೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿ ರೋಗ ಇಲ್ಲದ ಮೊಟ್ಟೆ ಮಾತ್ರ ಇಟ್ಕೋಬೇಕು ಅಂತ ತೋರಿಸಿದ್ರು. ಇವತ್ತಿಗೂ ಮೊಟ್ಟೆ ತಯಾರಿಸೋ ಕಡೆ ತಾಯಿ ಚಿಟ್ಟೆ ಪರೀಕ್ಷೆ ಮಾಡ್ತಾರೆ. ಅದನ್ನ ಓದಿದಾಗ ಅಬ್ಬಾ, ಎಲ್ಲಾ ನನ್ ಕೈಯಿಂದ ಬರಲ್ಲ ಅಂತ ಅರ್ಧ ದಿನ ಹಗುರಾದೆ. ಸಾಯಂಕಾಲ ಸೊಪ್ಪು ಹಾಕೋ ಹೊತ್ತಿಗೆ ತಲೇಲಿ ಇನ್ನೊಂದು ಹುಳ, ‘ಸರಿ, ಹಾಲುತೊಂಡೆ?’

ಇನ್ನು ಅಮ್ಮ. ದಿನಕ್ಕೆ ಮೂವತ್ತು ಸಲ ‘ಅಮ್ಮ, ನನ್ ಕೈ ಸರಿ ಇದೆಯಾ’ ಅಂತ ಕೇಳ್ತಿದ್ದೆ, ಮೂವತ್ತು ಸಲಾನೂ ‘ಏನೂ ಆಗಲ್ಲ ಬಾರಪ್ಪ’ ಅಂತಿದ್ರು. ನನ್ ಬದಲು ಬಾಗಿಲು ತೆಗೀತಿದ್ರು, ನನ್ ತಟ್ಟೆ ಬೇರೆ ಇಡ್ತಿದ್ರು. ಪ್ರೀತಿ ಅದು, ಆದ್ರೆ ಆ ಉತ್ತರಾನೂ ಒಂದು ಬಟನ್ನೇ, ಕೇಳಿ ಸಮಾಧಾನ ಮಾಡ್ಕೊಳ್ಳೋದೂ ತೊಳೆಯೋದರ ಇನ್ನೊಂದು ರೂಪ. ಮನೆಯವರು ಹೀಗೆ ಹೊಂದ್ಕೊಂಡಷ್ಟೂ ಕಾಯಿಲೆ ಬಲೀತದೆ ಅಂತ ಈ ಕಾಯಿಲೆ ಮೇಲೆ ಕೆಲಸ ಮಾಡೋರೆಲ್ಲಾ ಹೇಳ್ತಾರೆ. ನಾವು ಮನೇಲಿ ಎರಡು ಹುಳ ಸಾಕ್ತಾ ಇದ್ವಿ, ಒಂದಕ್ಕೆ ಹಿಪ್ಪುನೇರಳೆ ಸೊಪ್ಪು, ಇನ್ನೊಂದಕ್ಕೆ ಅಮ್ಮನ ಮಾತು.

ತಾಲೂಕು ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರ್ ಬರ್ತಾರೆ ಅಂತ ಔಷಧಿ ಅಂಗಡಿಯವರು ಹೇಳಿದ್ರು, ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ. ಡಾಕ್ಟರ್‌ಗಿಂತ ಮೊದ್ಲು ನನ್ನನ್ನ ಉಳಿಸಿದ್ದು ಆ ಕ್ಯೂ. ಪಕ್ಕದಲ್ಲಿ ಕೂತಿದ್ದ ಟೈಲರ್ ಅಣ್ಣ, ಚಿಂತಾಮಣಿ ಕಡೆಯವರು, ನನ್ ಬಿರುಕು ಬಿಟ್ಟ ಬೆರಳು ನೋಡಿ ‘ಸೋಪಾ?’ ಅಂದ್ರು. ಒಂದೇ ಮಾತು. ಅವರದ್ದು ಇಸ್ತ್ರಿಪೆಟ್ಟಿಗೆ, ಸ್ವಿಚ್ ಆಫ್ ಮಾಡಿದ್ನಾ ಅಂತ ರಾತ್ರಿ ಮೂರು ಸಲ ಅಂಗಡಿಗೆ ಹೋಗಿ ನೋಡೋರು. ಆಮೇಲೆ ಒಬ್ರು ರಿಟೈರ್ಡ್ ಮೇಷ್ಟ್ರು ಸೇರಿದ್ರು, ಮಂಗಳಾರತಿ ಹೊತ್ತಲ್ಲೇ ಅವರ ತಲೇಲಿ ದೇವರಿಗೆ ಕೆಟ್ಟ ಬೈಗುಳ ಬರೋದು. ಇನ್ನೊಬ್ರು ಬಾಣಂತಿ ಅಕ್ಕ, ಮಗೂಗೆ ಎಲ್ಲಿ ಏನ್ ಮಾಡಿಬಿಡ್ತೀನೋ ಅಂತ ಹೆದರಿ ಈಳಿಗೆ ಮಣೇನ ಅಟ್ಟಕ್ಕೆ ಹಾಕಿಸಿದ್ರು. ಆ ಅಕ್ಕ ಅದನ್ನ ನಮ್ ಮುಂದೆ ಬಾಯಿಬಿಟ್ಟು ಹೇಳೋಕೆ ನಾಲ್ಕು ಮಂಗಳವಾರ ಬೇಕಾಯ್ತು.

ಇಂಥ ಯೋಚನೆ ಯಾರಿಗೆ ಬರಲ್ಲ? 1978ರಲ್ಲಿ ಲಂಡನ್ನಲ್ಲಿ ರಾಕ್‌ಮನ್, ಡಿ ಸಿಲ್ವ ಅನ್ನೋ ಮನಶ್ಶಾಸ್ತ್ರಜ್ಞರು ಆರೋಗ್ಯವಾಗಿರೋ ಜನರನ್ನ ಕೇಳಿದಾಗ ಬಹುಪಾಲು ಜನಕ್ಕೆ ಇದೇ ಥರ ಅಸಹ್ಯದ, ಹಿಂಸೆಯ ಯೋಚನೆ ಬಂದು ಹೋಗೋದು ಗೊತ್ತಾಯ್ತು. ಅವರು ಛೀ ಅಂದು ಮುಂದೆ ಹೋಗ್ತಾರೆ, ನಾವು ಅಲ್ಲೇ ನಿಂತು ‘ನಾನು ಇಂಥವನಾ’ ಅಂತ ವಿಚಾರಣೆ ಶುರು ಮಾಡ್ತೀವಿ. ಆ ಅಕ್ಕ ಹೆದರ್ತಿದ್ದಿದ್ದೇ ಮಗು ಮೇಲಿನ ಪ್ರೀತಿಗೆ. ಡಾಕ್ಟರ್ ಇದನ್ನೇ ವಿವರಿಸಿದ ದಿನ ಅವರು ಅತ್ತಿದ್ದು ನೋಡಬೇಕಿತ್ತು.

ಚಿಕಿತ್ಸೆ ಕೇಳೋಕೆ ಸುಲಭ, ಮಾಡೋಕೆ ಪ್ರಾಣ ಹೋಗತ್ತೆ. ಭಯ ಹುಟ್ಸೋದನ್ನ ಬೇಕಂತಲೇ ಮುಟ್ಟಬೇಕು, ಆಮೇಲೆ ತೊಳೀಬಾರದು. 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಇಬ್ರು ರೋಗಿಗಳ ಮೇಲೆ ಇದನ್ನ ಮಾಡಿ ಬರೆದ್ರು, ಅಲ್ಲಿಂದ ಬೆಳೆದಿದ್ದು ಈ ಪದ್ಧತಿ. ನಂಗೆ ಡಾಕ್ಟರ್ ಕೊಟ್ಟ ಲೆಕ್ಕ ಇಷ್ಟು: ಅಪ್ಪ ತೊಳೆದಷ್ಟೇ ತೊಳಿ, ಒಳಗೆ ಹೋಗಿ ಸೊಪ್ಪು ಹಾಕು. ಮೊದಲ್ನೇ ದಿನ ಎದೆ ಡವಡವ, ಅಂಗೈ ಬೆವರು, ತಟ್ಟೆ ಮೇಲೆ ಹುಳ ಸೊಪ್ಪು ಕಡಿಯೋ ಸದ್ದು, ಮಳೆ ಹನಿ ಬಿದ್ದಂಗಿರತ್ತೆ ಅದು, ಅದನ್ನೇ ಕೇಳ್ತಾ ನಿಂತೆ. ತಡ್ಕೊಳ್ಳೋಕಾಗದೆ ಟೈಲರ್ ಅಣ್ಣಂಗೆ ಫೋನ್ ಮಾಡಿದೆ.

‘ಅಣ್ಣ, ಒಂದೇ ಸಲ ತೊಳ್ದಿದ್ದೀನಿ. ಏನೂ ಆಗಲ್ಲ ಅಲ್ವಾ?’

‘ಗೊತ್ತಿಲ್ಲಪ್ಪ. ಆಗಬಹುದು, ಆಗದೇನೂ ಇರಬಹುದು. ಸೊಪ್ಪು ಪೂರ್ತಿ ಹಾಕಿದ್ಯಾ?’

ಸಿಟ್ಟು ಬಂತು. ಆದ್ರೆ ಫೋನ್ ಇಡ್ಲಿಲ್ಲ ಆಯಪ್ಪ, ಬ್ಲೌಸ್ ಅಳತೆ ತಪ್ಪಿದ ಗಿರಾಕಿ ಕಥೆ ಹೇಳ್ತಾನೇ ಇದ್ರು, ನಲವತ್ತು ನಿಮಿಷದಲ್ಲಿ ಎದೆ ತಾನಾಗೇ ಇಳೀತು. ಬಟನ್ ಒತ್ತದೇನೂ ಮೋಟಾರ್ ನಿಧಾನ ಆಗತ್ತೆ ಅಂತ ನನ್ ಮೈಗೆ ಗೊತ್ತಾಗಿದ್ದು ಅವತ್ತೇ. ಅಮ್ಮನಿಗೂ ಆಸ್ಪತ್ರೇಲಿ ಹೇಳಿಕೊಟ್ರು, ಈಗ ‘ಅದಕ್ಕೆ ಉತ್ತರ ಕೊಡಲ್ಲಪ್ಪ, ಜೊತೇಲಿ ಕೂತಿರ್ತೀನಿ’ ಅಂತಾರೆ.

ಮಾತ್ರೆನೂ ಇದೆ, ಹಿಡಿಯೋಕೆ ಎರಡು ಮೂರು ತಿಂಗಳಾದ್ರೂ ಬೇಕು, ಮಧ್ಯದಲ್ಲಿ ಡಾಕ್ಟರ್‌ನ ಕೇಳದೆ ಬಿಡಬಾರದು. 1992ರಲ್ಲಿ ಅಮೆರಿಕದ ಬ್ಯಾಕ್ಸ್‌ಟರ್ ತಂಡ ಮಾತ್ರೆ ತಗೊಂಡೋರ ಮಿದುಳನ್ನೂ ಮಾತ್ರೆ ಇಲ್ದೆ ಬರೀ ಈ ಅಭ್ಯಾಸದ ಚಿಕಿತ್ಸೆ ಮಾಡಿದೋರ ಮಿದುಳನ್ನೂ ಸ್ಕ್ಯಾನ್ ಮಾಡಿ ನೋಡಿದ್ರೆ, ಗುಣ ಕಂಡೋರಲ್ಲಿ ಎರಡೂ ಕಡೆ ಅದೇ ಕಾಡೇಟ್ ಭಾಗದ ಕಾವು ಇಳಿದಿತ್ತು. ಹುಳದ ಮನೇಲಿ ಕೈ ಕಟ್ಕೊಂಡು ನಿಂತಿದ್ದಕ್ಕೂ ಮಿದುಳಲ್ಲಿ ಕೆಲಸ ಆಗತ್ತೆ ಅಂತ ಗೊತ್ತಾದಾಗ ನಂಗೆ ಬಂದ ಧೈರ್ಯ ಅಷ್ಟಿಷ್ಟಲ್ಲ. ಆಸ್ಪತ್ರೆಗೆ ಹೋಗೋಕೆ ಹಿಂಜರಿಕೆ ಇದ್ರೆ ಟೆಲಿಮನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಹೋದ ಬೆಳೇಲಿ ನಾಲ್ಕನೇ ಜ್ವರ ಎದ್ದ ಮೇಲೆ (ಹುಳ ಪೊರೆ ಬಿಡೋದಕ್ಕೆ ನಾವು ಜ್ವರ ಅಂತೀವಿ) ಒಂದಷ್ಟು ಹುಳ ಸತ್ವು. ಬಿಸಿಲೋ, ಸೊಪ್ಪೋ, ನನ್ ಕೈಯೋ, ಇವತ್ತಿಗೂ ಗೊತ್ತಿಲ್ಲ. ಅವತ್ತು ಮೂರು ಸಲ ತೊಳೆದೆ, ನಾಲ್ಕನೇದಕ್ಕೆ ಮಗ್ ಎತ್ತಿ ಹಾಗೇ ಕೆಳಗಿಟ್ಟೆ. ಉಳಿದ ಹುಳ ಹಣ್ಣಾಗಿ, ಗೂಡು ಕಟ್ಟೋಕೆ ಇಡೋ ಚಂದ್ರಿಕೆ ತಟ್ಟೆ ಹತ್ತಿದ್ವು, ಗೂಡು ಮಾರ್ಕೆಟ್‌ಗೆ ಹಾಕಿದ್ವಿ, ರೇಟ್ ಮಾತ್ರ ಕೈ ಕೊಡ್ತು.