ಫ್ಲ್ಯಾಶ್ ಬೆಳಕಿಗೆ ಒಪ್ಪುವ ಫೌಂಡೇಶನ್: ಕಡಿಮೆ ಖರ್ಚಿನಲ್ಲಿ ಆರಿಸುವ ಬಗೆ

ಮೇಕಪ್ ಕೋರ್ಸ್ ಮುಗಿಸಿ ಮದುವೆ ಮತ್ತು ಫೋಟೋಶೂಟ್‌ಗಳ ಕೆಲಸ ಹಿಡಿಯಲು ಹೊರಟವರು ನನ್ನಲ್ಲಿ ಸಾಮಾನ್ಯವಾಗಿ ಮೊದಲು ಕೇಳುವುದು, ಕಡಿಮೆ ಬೆಲೆಗೆ ಸಿಗುವ ಒಳ್ಳೆಯ ಫೌಂಡೇಶನ್ (ಮುಖದ ಬಣ್ಣ ಒಂದೇ ಸಮನಾಗಿ ಕಾಣಲು ಹಚ್ಚುವ ಮೂಲ ಲೇಪ) ಯಾವುದು ಎಂದು. ಕಂಪನಿಯ ಹೆಸರೊಂದನ್ನು ಹೇಳಿ ಕಳುಹಿಸುವುದು ಸುಲಭ. ಆದರೆ ಮಲ್ಪೆಯ ಕಡಲ ತೀರದಲ್ಲಿ ಸಂಜೆ ಬಿಸಿಲಿಗೆ ತೆಗೆಯುವ ಚಿತ್ರಕ್ಕೂ, ಮಂಗಳೂರಿನ ಸಭಾಂಗಣದಲ್ಲಿ ರಾತ್ರಿ ಆರತಕ್ಷತೆಯ ವೇದಿಕೆಯ ಮೇಲೆ ನೇರ ಫ್ಲ್ಯಾಶ್ ಹಾಕಿ ತೆಗೆಯುವ ಚಿತ್ರಕ್ಕೂ ಒಂದೇ ಬಾಟಲಿ ಹೊಂದುತ್ತದೆ ಎಂಬ ಖಾತರಿ ಇಲ್ಲದ್ದರಿಂದ, ಬೆಲೆಯ ಮಾತಿಗೆ ಮೊದಲು ಬೆಳಕಿನ ವಿಚಾರವನ್ನು ಎತ್ತುವುದು ನನ್ನ ಕ್ರಮ. ಕನ್ನಡಿಯಲ್ಲಿ ಚೆನ್ನಾಗಿ ಕಂಡ ಮುಖ ಕ್ಯಾಮೆರಾದಲ್ಲಿ ಕೆಟ್ಟು ಕಂಡರೆ, ಫೋಟೋ ಕೆಲಸದ ಮಟ್ಟಿಗೆ ಆ ಫೌಂಡೇಶನ್ ಎಷ್ಟು ದುಬಾರಿಯದಾಗಿದ್ದರೂ ಉಪಯೋಗವಿಲ್ಲ.

ಹೀಗೆ ಕೆಡುವುದರಲ್ಲಿ ಹೆಚ್ಚಾಗಿ ಕಾಣಸಿಗುವುದು ನಮ್ಮ ವೃತ್ತಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಎಂದು ಕರೆಯುವ ದೋಷ. ಕಣ್ಣಿಗೆ ಸಹಜವಾಗಿ ಕಂಡ ಮುಖ ಚಿತ್ರದಲ್ಲಿ ಬೂದಿ ಬಳಿದಂತೆ ಬಿಳಿಚಿಕೊಂಡಿರುತ್ತದೆ, ಕುತ್ತಿಗೆ ಮಾತ್ರ ತನ್ನ ಬಣ್ಣದಲ್ಲೇ ಉಳಿದಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯಲೆಂದು ಸೇರಿಸುವ ಟೈಟಾನಿಯಂ ಡೈಆಕ್ಸೈಡ್ ಮತ್ತು ಝಿಂಕ್ ಆಕ್ಸೈಡ್ ಎಂಬ ಬಿಳಿ ಖನಿಜ ಪುಡಿಗಳು ಇದಕ್ಕೆ ಮುಖ್ಯ ಕಾರಣ. ಕ್ಯಾಮೆರಾದ ತಲೆಯ ಮೇಲೆಯೇ ಕುಳಿತ ಫ್ಲ್ಯಾಶ್ ಎದುರಿನಿಂದ ಮುಖಕ್ಕೆ ಬಡಿದಾಗ, ಈ ಪುಡಿಗಳು ಆ ಬೆಳಕಿನ ಒಂದು ಪಾಲನ್ನು ಬಂದ ದಾರಿಯಲ್ಲೇ ಲೆನ್ಸಿಗೆ ಹಿಂತಿರುಗಿಸುತ್ತವೆ. ಸಾಫ್ಟ್‌ಬಾಕ್ಸ್ (ಬೆಳಕನ್ನು ಹರಡಿ ಮೃದು ಮಾಡುವ ಬಟ್ಟೆಯ ಪೆಟ್ಟಿಗೆ) ಹಾಕಿ ಪಕ್ಕದಿಂದ ಬೆಳಕು ಬಿಟ್ಟರೆ ಅದೇ ಮುಖ ಅಷ್ಟು ಬಿಳಿಚುವುದಿಲ್ಲ. ‘ಎಚ್‌ಡಿ’ ಎಂಬ ಹೆಸರಿನಲ್ಲಿ ಮಾರುವ, ಬಣ್ಣವೇ ಇಲ್ಲದ ಸಿಲಿಕಾ ಪುಡಿಯೂ ಇದೇ ಜಾತಿಯದು. ಕಣ್ಣ ಕೆಳಗೆ ಅದನ್ನು ಧಾರಾಳವಾಗಿ ಒತ್ತಿದರೆ ಕೋಣೆಯ ಬೆಳಕಿನಲ್ಲಿ ಏನೂ ಗೊತ್ತಾಗುವುದಿಲ್ಲ, ಫ್ಲ್ಯಾಶ್ ಬಿದ್ದ ಕೂಡಲೇ ಎರಡು ಬಿಳಿ ಅರ್ಧಚಂದ್ರಗಳು ಮೂಡುತ್ತವೆ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಸತುವಿನ ಬಿಳಿಯನ್ನು (ಇದೇ ಝಿಂಕ್ ಆಕ್ಸೈಡನ್ನು) ಬಳಸುತ್ತ ಬಂದಿರುವುದು ಮುಖ ದೂರದ ಪ್ರೇಕ್ಷಕನಿಗೂ ಎದ್ದು ಕಾಣಲೆಂದೇ. ಮದುಮಗಳ ಮುಖಕ್ಕೆ ಬೇಕಾದದ್ದು ಅದಲ್ಲ.

ಹಾಗೆಂದು ಬಾಟಲಿಯ ಹಿಂಬದಿಯ ಘಟಕಗಳ ಪಟ್ಟಿಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಹೆಸರು ಕಂಡ ಕೂಡಲೇ ಬಾಟಲಿಯನ್ನು ಕೆಳಗಿಡಬೇಕಾಗಿಲ್ಲ, ಏಕೆಂದರೆ ಬಿಳಿ ವರ್ಣದ್ರವ್ಯವಾಗಿ ಅದು ಹೆಚ್ಚುಕಡಿಮೆ ಎಲ್ಲ ಫೌಂಡೇಶನ್‌ಗಳಲ್ಲಿಯೂ ಇರುತ್ತದೆ. ಅನುಮಾನಿಸಬೇಕಾದದ್ದು ಖನಿಜದ ಆಧಾರದ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆ) ಕೊಡುವ ಉತ್ಪನ್ನಗಳನ್ನು, ಅದರಲ್ಲಿಯೂ ಅಂಥ ಸನ್‌ಸ್ಕ್ರೀನ್, ಫೌಂಡೇಶನ್ ಮತ್ತು ಪೌಡರ್ ಒಂದರ ಮೇಲೊಂದು ಬಂದಾಗ. ಹಗಲು ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ನಡೆಯುವ ಶೂಟಿಂಗಿಗೆ ಇದೇ ಉತ್ಪನ್ನಗಳಿಂದ ಈ ತೊಂದರೆ ಇಲ್ಲ.

ಪರೀಕ್ಷೆಗೆ ಸ್ಟುಡಿಯೋ ಬೇಡ. ಮುಖದ ಒಂದು ಬದಿಗೆ ಮಾತ್ರ, ಕೆನ್ನೆಯಿಂದ ದವಡೆ ದಾಟಿ ಕುತ್ತಿಗೆಯವರೆಗೆ, ಕೆಲಸದ ದಿನ ಹಚ್ಚುವ ಕ್ರಮದಲ್ಲೇ ಪ್ರೈಮರ್ (ಫೌಂಡೇಶನ್ನಿನ ಅಡಿಗೆ ಹಚ್ಚುವ ಲೇಪ), ಫೌಂಡೇಶನ್, ಪೌಡರ್ ಹಚ್ಚಿ ಅರ್ಧ ಗಂಟೆ ಬಿಡಿ. ನಂತರ ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾಲ್ಕೈದು ಅಡಿ ದೂರದಿಂದ ಫೋನಿನ ಫ್ಲ್ಯಾಶ್ ಹಾಕಿ ಚಿತ್ರ ತೆಗೆಯಿರಿ. ಫೋನಿನ ಬ್ಯೂಟಿ ಮೋಡನ್ನು ಮೊದಲು ಆಫ್ ಮಾಡಿರಬೇಕು. ಅದು ಚರ್ಮವನ್ನು ತಾನಾಗಿಯೇ ನಯಗೊಳಿಸಿ ಬೆಳಗಿಸುವುದರಿಂದ ಪರೀಕ್ಷೆಯೇ ಸುಳ್ಳಾಗುತ್ತದೆ. ಚಿತ್ರದಲ್ಲಿ ಎರಡು ಬದಿಗಳ ನಡುವೆ ಗೆರೆ ಕಾಣಿಸಿದರೆ ಪೌಡರನ್ನು ಬಿಟ್ಟು ಮತ್ತೊಮ್ಮೆ ತೆಗೆಯಿರಿ. ತಪ್ಪು ಫೌಂಡೇಶನ್ನಿನದೋ ಪೌಡರಿನದೋ ಎಂಬುದು ಆಗ ತಿಳಿಯುತ್ತದೆ, ಎಷ್ಟೋ ಸಲ ಹೊಸ ಬಾಟಲಿಯ ಖರ್ಚೂ ಉಳಿಯುತ್ತದೆ.

ಅರ್ಧ ಗಂಟೆ ಕಾಯಬೇಕು ಎಂದದ್ದಕ್ಕೆ ಕಾರಣವಿದೆ. ಹಲವು ಫೌಂಡೇಶನ್‌ಗಳು ಚರ್ಮದ ಜಿಡ್ಡಿನೊಂದಿಗೆ ಸೇರಿ, ಒಳಗಿನ ದ್ರವ ಆರಿದಂತೆ, ಹಚ್ಚಿದಾಗ ಇದ್ದುದಕ್ಕಿಂತ ಕಪ್ಪಾಗುತ್ತವೆ ಅಥವಾ ಕಿತ್ತಳೆಯ ಕಡೆಗೆ ತಿರುಗುತ್ತವೆ. ಹಂಪನಕಟ್ಟೆಯ ಫ್ಯಾನ್ಸಿ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮುಂಗೈಗೆ ಒರೆಸಿ ಶೇಡ್ ನಿರ್ಧರಿಸುವುದು ಇನ್ನೂ ಎರಡು ಕಾರಣಕ್ಕೆ ತಪ್ಪು. ಮುಂಗೈಯ ಬಣ್ಣ ಮುಖದ ಬಣ್ಣವಲ್ಲ, ಟ್ಯೂಬ್‌ಲೈಟ್ ಹಗಲು ಬೆಳಕೂ ಅಲ್ಲ. ದವಡೆಯ ಅಂಚಿಗೆ ಮೂರು ಶೇಡ್‌ಗಳನ್ನು ಪಕ್ಕಪಕ್ಕದಲ್ಲಿ ಹಚ್ಚಿಕೊಂಡು, ಅಂಗಡಿಯಿಂದ ಹೊರಬಂದು, ನೆರಳಿನಲ್ಲಿ ನಿಂತು ನೋಡಿದಾಗ ಕುತ್ತಿಗೆಯೊಂದಿಗೆ ಬೆರೆತು ಕಾಣದಾಗುವುದೇ ಸರಿಯಾದ ಶೇಡ್. ನಮ್ಮ ಕರಾವಳಿಯ ಮುಖಗಳಲ್ಲಿ ಹಳದಿ ಛಾಯೆ, ಕೆಲವೊಮ್ಮೆ ತುಸು ಹಸಿರು ಬೆರೆತ ಹಳದಿ ಛಾಯೆಯನ್ನು ನಾನು ಹೆಚ್ಚಾಗಿ ಕಾಣುತ್ತೇನೆ. ಅಂಥ ಚರ್ಮಕ್ಕೆ ಗುಲಾಬಿ ಛಾಯೆಯ ಫೌಂಡೇಶನ್ ಹಚ್ಚಿದರೆ ಚಿತ್ರದಲ್ಲಿ ಮುಖ ಕಂದಿದಂತೆ ಕಾಣುತ್ತದೆ. ಬಾಟಲಿಯ ಮೇಲಿನ ಡಬ್ಲ್ಯು, ಎನ್, ಸಿ (ಬೆಚ್ಚಗಿನ, ನಡುವಿನ, ತಂಪು ಛಾಯೆ) ಅಕ್ಷರಗಳನ್ನು ಪೂರ್ತಿ ನಂಬಬೇಡಿ: ಬಹುತೇಕ ಕಂಪನಿಗಳಲ್ಲಿ ಸಿ ಎಂದರೆ ತಂಪು, ಅಂದರೆ ಗುಲಾಬಿ ಕಡೆಯ ಛಾಯೆ, ಆದರೆ ಮ್ಯಾಕ್ ಕಂಪನಿಯ ಎನ್‌ಸಿ ಸರಣಿ ಹಳದಿ ಛಾಯೆಯದು.

ಶೇಡ್ ಎಂಬ ವಿಷಯ ಬಂದಾಗ ಮನೆಯವರ ಒತ್ತಾಯವನ್ನು ಹೇಳದೆ ಬಿಡುವಂತಿಲ್ಲ. “ಮುಖ ಸ್ವಲ್ಪ ಬೆಳ್ಳಗೆ ಕಾಣ್ಬೇಕು, ಆಯ್ತಾ” ಎಂದು ಮದುಮಗಳ ತಾಯಿಯೋ ಚಿಕ್ಕಮ್ಮನೋ ಪಕ್ಕದಲ್ಲಿ ನಿಂತು ಹೇಳುವುದುಂಟು. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಹೆಚ್ಚಿಸಿ ಇಡೀ ಚಿತ್ರವನ್ನು ಬೆಳಗಿಸುವುದು ಛಾಯಾಗ್ರಾಹಕರಿಗೆ ಒಂದು ಕ್ಷಣದ ಕೆಲಸ. ಆದರೆ ಮುಖ ಒಂದು ಬಣ್ಣ, ಕುತ್ತಿಗೆ, ಕಿವಿ, ಬಳೆ ತೊಟ್ಟ ಕೈ ಇನ್ನೊಂದು ಬಣ್ಣವಾಗಿದ್ದರೆ ಆಲ್ಬಮ್ಮಿನ ಪ್ರತಿಯೊಂದು ಚಿತ್ರವನ್ನೂ ತಿದ್ದುತ್ತ ಕೂರಬೇಕಾಗುತ್ತದೆ. ಇದನ್ನು ಮದುವೆಗೆ ಮುಂಚಿನ ಟ್ರಯಲ್ ದಿನವೇ ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದರೆ ಹೆಚ್ಚಿನ ತಾಯಂದಿರು ಒಪ್ಪುತ್ತಾರೆ.

ಇನ್ನು ಖರ್ಚು. ಬಾಟಲಿಯ ಬೆಲೆಯನ್ನಲ್ಲ, ಒಂದು ಮುಖಕ್ಕೆ ಬೀಳುವ ಬೆಲೆಯನ್ನು ಲೆಕ್ಕ ಹಾಕಬೇಕು. ಮುಖ, ಕುತ್ತಿಗೆ ಸೇರಿ 1ರಿಂದ 1.5 ಮಿ.ಲೀ. ಬೇಕು ಎಂದಿಟ್ಟುಕೊಂಡರೆ, 600 ರೂಪಾಯಿಯ 30 ಮಿ.ಲೀ. ಬಾಟಲಿಯಿಂದ ಒಂದು ಮುಖಕ್ಕೆ 20ರಿಂದ 30 ರೂಪಾಯಿ ತಗಲುತ್ತದೆ. 3,000 ರೂಪಾಯಿಯದಾದರೆ 100ರಿಂದ 150. ಆರಂಭದಲ್ಲಿ ಒಂದು ದುಬಾರಿ ಬಾಟಲಿಯ ಬದಲು ಮೇಬಲಿನ್ ಅಥವಾ ಲ್ಯಾಕ್ಮೆಯಂಥ ಸುಲಭವಾಗಿ ಸಿಗುವ ಕಂಪನಿಯ ಒಂದೇ ಸರಣಿಯಲ್ಲಿ ತಿಳಿ, ಮಧ್ಯಮ, ಗಾಢ ಎಂದು ಮೂರು ನಾಲ್ಕು ಶೇಡ್‌ಗಳನ್ನು ಇಟ್ಟುಕೊಂಡು, ಸ್ಟೀಲ್ ತಟ್ಟೆಯ ಮೇಲೆ ಬೆರೆಸುವುದನ್ನು ಕಲಿಯುವುದು ಲಾಭ. ಫೌಂಡೇಶನ್ನಿನ ಬಣ್ಣವೆಲ್ಲ ಮೂಲತಃ ಬಿಳಿಯ ಜೊತೆಗೆ ಹಳದಿ, ಕೆಂಪು, ಕಪ್ಪು ಐರನ್ ಆಕ್ಸೈಡ್‌ಗಳ ಹೊಂದಾಣಿಕೆ. ಆದ್ದರಿಂದ ಎರಡು ಶೇಡ್‌ಗಳ ನಡುವಿನದನ್ನು ತಯಾರಿಸುವುದು ಕಷ್ಟವಲ್ಲ, ಕಿತ್ತಳೆಯಾದುದನ್ನು ಒಂದು ಹನಿ ನೀಲಿ ಮಿಕ್ಸರಿನಿಂದ (ಬಣ್ಣ ತಿದ್ದಲು ಬೆರೆಸುವ ದ್ರವದಿಂದ) ತಗ್ಗಿಸಲೂ ಬರುತ್ತದೆ. ನೀರಿನ ಆಧಾರದ್ದನ್ನು ಸಿಲಿಕೋನ್ ಆಧಾರದ್ದರೊಂದಿಗೆ ಮಾತ್ರ ಬೆರೆಸಬೇಡಿ, ಉಜ್ಜಿದಂತೆಲ್ಲ ಚೂರುಚೂರಾಗಿ ಏಳುವ ಸಂಭವ ಹೆಚ್ಚು.

ಸ್ಟಿಕ್ ರೂಪದಲ್ಲಿ, 1945ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಕ್ರಯೋಲಾನ್ ಕಂಪನಿಯ ಟಿವಿ ಪೇಂಟ್ ಸ್ಟಿಕ್ ನಮ್ಮ ದೇಶದ ಮೇಕಪ್ ಕೋಣೆಗಳಲ್ಲಿ ಬಹಳ ಬಳಕೆಯಲ್ಲಿದೆ. ಬಣ್ಣದ ಸಾಂದ್ರತೆ ಹೆಚ್ಚಿರುವುದರಿಂದ 25 ಗ್ರಾಂ ಸ್ಟಿಕ್ ಬಹಳ ದಿನ ಬಾಳುತ್ತದೆ. ಅದನ್ನು ನೇರವಾಗಿ ಕೆನ್ನೆಗೆ ಗೀಚುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ: ಶುಚಿತ್ವದ ಪ್ರಶ್ನೆ ಒಂದು ಕಡೆ, ಪದರ ದಪ್ಪವಾಗುವುದು ಇನ್ನೊಂದು ಕಡೆ. ಸ್ಪ್ಯಾಚುಲಾದಿಂದ ಸ್ವಲ್ಪವೇ ಕೆರೆದು, ತಟ್ಟೆಯ ಮೇಲೆ ತಿಕ್ಕಿ ಮೆದು ಮಾಡಿ, ಒದ್ದೆ ಸ್ಪಂಜಿನಿಂದ ತಟ್ಟಿ ಕೂರಿಸಬೇಕು. ಈಗಿನ ಕ್ಯಾಮೆರಾಗಳು ಚರ್ಮದ ರಂಧ್ರವನ್ನೂ ತೋರಿಸುವುದರಿಂದ, ಮುಖವಿಡೀ ತೆಳುವಾಗಿ ಹಚ್ಚಿ, ಕಲೆಗಳಿರುವಲ್ಲಿ ಮಾತ್ರ ಎರಡನೆಯ ಪದರ ಕೊಡುವುದು ಒಳ್ಳೆಯದು.

ನಮ್ಮೂರಿನ ಸೆಕೆಗೂ ತೆಳು ಪದರವೇ ಸೂಕ್ತ. ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಮೂಗಿನ ಬದಿ ಮತ್ತು ತುಟಿಯ ಮೇಲ್ಭಾಗದಲ್ಲಿ ನಿಂತು ಫೌಂಡೇಶನ್ನನ್ನು ಒಡೆಯುತ್ತದೆ. ಕಾಪುವಿನ ದೀಪಸ್ತಂಭದ ಬಳಿ ಏಪ್ರಿಲ್ ತಿಂಗಳಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಇದ್ದರೆ ಜಿಡ್ಡಿನ ಸ್ಟಿಕ್ಕಿಗಿಂತ ಮ್ಯಾಟ್ (ಹೊಳಪಿಲ್ಲದ) ದ್ರವರೂಪವೇ ಹೆಚ್ಚು ಹೊತ್ತು ನಿಲ್ಲುತ್ತದೆ. ಟಚ್-ಅಪ್ ಮಾಡುವಾಗ ಮೊದಲು ಟಿಶ್ಯೂ ಒತ್ತಿ ಬೆವರನ್ನು ಹೀರಿಸಿ, ಆಮೇಲೆ ಪೌಡರ್ ಹಾಕಬೇಕು. ಬೆವರಿನ ಮೇಲೆಯೇ ಪೌಡರ್ ಬಿದ್ದರೆ ಅಲ್ಲಲ್ಲಿ ಗಟ್ಟಿಯಾಗುತ್ತದೆ.

ಫೌಂಡೇಶನ್ನಿನಿಂದ ಸರಿಪಡಿಸಲಾಗದ ಸಂಗತಿಗಳೂ ಇವೆ. ಕೆಂಪು ಅಥವಾ ಹಸಿರು ಶಾಮಿಯಾನದ ಅಡಿಯಲ್ಲಿ ಆ ಬಣ್ಣ ಮುಖಕ್ಕೆ ಇಳಿಯುತ್ತದೆ. ಅಗ್ಗದ ಎಲ್‌ಇಡಿ ವಿಡಿಯೋ ಲೈಟಿನಲ್ಲಿ ಚರ್ಮ ಹಸಿರುಹಸಿರಾಗಿ ಕಾಣಬಹುದು. ಚರ್ಚಿನ ಮದುವೆಯ ಬಿಳಿ ಗೌನು ಬೆಳಕನ್ನು ಗಲ್ಲದ ಕೆಳಗೆ ಎತ್ತಿ ಹಾಕುವುದರಿಂದ ದವಡೆಯ ಅಂಚಿನಲ್ಲಿ ಫೌಂಡೇಶನ್ ಸರಿಯಾಗಿ ಬೆರೆಯದಿದ್ದರೆ ಮುಚ್ಚಿಡಲಾಗದು. ಫ್ಲ್ಯಾಶ್ ನೇರವೋ ಪಕ್ಕದ್ದೋ ಎಂದು ಛಾಯಾಗ್ರಾಹಕರಲ್ಲಿ ಹಿಂದಿನ ದಿನವೇ ಕೇಳಿಕೊಳ್ಳುವುದು ಮೇಕಪ್ಪಿನವರ ಕೆಲಸದ ಭಾಗವೇ.

ಕೊನೆಯದಾಗಿ, ಅಗ್ಗ ಎಂಬ ಕಾರಣಕ್ಕೆ ನಕಲಿ ಮಾಲು ಕೊಳ್ಳುವ ಅಪಾಯ. ದೇಶದಲ್ಲಿ ತಯಾರಾದುದಾದರೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಬೇಕು. ಆಮದಾದುದರ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಪ್ರಮಾಣಪತ್ರದ ಸಂಖ್ಯೆ ಇರಬೇಕೆಂದು 2020ರ ಸೌಂದರ್ಯವರ್ಧಕ ನಿಯಮಗಳು ಹೇಳುತ್ತವೆ. ಇವಿಲ್ಲದ ‘ಬ್ರ್ಯಾಂಡೆಡ್’ ಬಾಟಲಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಲೇಬಲಿನ ಮೇಲಿನ ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಎಂದಿದ್ದರೆ ಮುಚ್ಚಳ ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಬಹುದು ಎಂದು ಅರ್ಥ. ತೆರೆದ ದಿನವನ್ನು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಕಿಟ್ ಬಿಟ್ಟು ಹೋಗಬಾರದು. ಎಣ್ಣೆ ಬೇರ್ಪಟ್ಟು ಕುಲುಕಿದರೂ ಕೂಡದಿದ್ದರೆ, ಅಥವಾ ವಾಸನೆ ಬದಲಾಗಿದ್ದರೆ, ಅರ್ಧ ಬಾಟಲಿ ಉಳಿದಿದ್ದರೂ ಅದನ್ನು ಇನ್ನೊಬ್ಬರ ಮುಖಕ್ಕೆ ಹಚ್ಚುವಂತಿಲ್ಲ.