‘ಬರಲಿಲ್ಲ’ ಎಂಬ ಪ್ರಾರ್ಥನೆ

ಓದುಗರ ಪ್ರಶ್ನೆ: ಉಜ್ಬೇಕಿಸ್ತಾನದ ಗಾಯಕಿ ಮುನೋಜೋತ್ ಯೂಲ್ಚಿಯೇವಾ ಹಾಡುವುದು ಸೂಫಿ ಸಂಗೀತ ಅನ್ನುತ್ತಾರೆ. ಕೇಳಿದರೆ ಖವ್ವಾಲಿಯ ಚಪ್ಪಾಳೆ ಇಲ್ಲ, ಹಿಮ್ಮೇಳದ ಅಬ್ಬರ ಇಲ್ಲ, ದೇವರ ಹೆಸರೂ ಕಿವಿಗೆ ಬೀಳುವುದಿಲ್ಲ. ಅರ್ಥ ಹುಡುಕಿದರೆ ಬರೀ ಪ್ರೇಮಗೀತೆ. ಇದು ಸೂಫಿ ಹೇಗಾಯಿತು?

ನಿಮ್ಮ ಅನುಮಾನ ನ್ಯಾಯವಾದದ್ದೇ. ಈಗೀಗ ‘ಸೂಫಿ’ ಎಂಬ ಚೀಟಿಯನ್ನು ಯಾವ ಹಾಡಿಗೆ ಬೇಕಾದರೂ ಅಂಟಿಸಿಬಿಡುತ್ತಾರೆ. ಮುನೋಜೋತ್ ಹಾಡುವುದು ದರ್ಗಾದ ಸಂಗೀತವಲ್ಲ, ಮಧ್ಯ ಏಷ್ಯಾದ ‘ಮಕೋಮ್’ ಎಂಬ ಶಾಸ್ತ್ರೀಯ ಗಾಯನ. ಆದರೂ ಈ ಚೀಟಿ ಸುಳ್ಳಲ್ಲ.

ಅವರ ಹೆಸರಿನಿಂದಲೇ ಶುರು ಮಾಡೋಣ. ಮುನೋಜೋತ್ ಎಂದರೆ ದೇವರೊಡನೆ ಏಕಾಂತದಲ್ಲಿ ಆಡುವ ಮಾತು, ಮೊರೆ. ಉರ್ದು ಬಲ್ಲವರಿಗೆ ಇದು ‘ಮುನಾಜಾತ್’ ಎಂದು ಥಟ್ಟನೆ ಹೊಳೆದೀತು. ಉಜ್ಬೆಕ್ ಬಾಯಲ್ಲಿ ‘ಆ’ಕಾರ ‘ಓ’ಕಾರದ ಕಡೆ ವಾಲುತ್ತದೆ, ಮಕಾಮ್ ಮಕೋಮ್ ಆದದ್ದೂ ಹಾಗೇ. ಇದೇ ಹೆಸರಿನ ಪ್ರಸಿದ್ಧ ಧಾಟಿಯೊಂದು ಅಲ್ಲಿದೆ. ಅದಕ್ಕೆ ಹಾಡುವ ಗಜಲ್ ಅಲಿಶೇರ್ ನವೋಯಿಯದು (1441–1501). ಈಗಿನ ಅಫ್ಘಾನಿಸ್ತಾನದ ಹೆರಾತಿನಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡ ಈ ಕವಿ ಬರೆದ ಚಗತಾಯಿ ತುರ್ಕಿ ಭಾಷೆಯಲ್ಲೇ, ಮುಂದೆ ದಿಲ್ಲಿಗೆ ಬಂದ ಬಾಬರನೂ ತನ್ನ ಆತ್ಮಕಥೆ ಬರೆದದ್ದು. ಆ ಗಜಲಿನ ಮೊದಲ ದ್ವಿಪದಿಯ ತಾತ್ಪರ್ಯ ಇಷ್ಟು: ‘ಈ ರಾತ್ರಿ ಬರುವೆನೆಂದ ಆ ಹೂಮೊಗದ ಚೆಲುವು ಬರಲಿಲ್ಲ, ಬೆಳಗಾಗುವ ತನಕ ನನ್ನ ಕಣ್ಣಿಗೆ ನಿದ್ದೆ ಬರಲಿಲ್ಲ.’

ಧಾಟಿಯ ಹೆಸರು ಪ್ರಾರ್ಥನೆ, ಒಳಗಿರುವುದು ಬಾರದೆ ಹೋದ ಪ್ರಿಯ ಜೀವ. ಆ ಜೀವ ಗಂಡೋ ಹೆಣ್ಣೋ? ತುರ್ಕಿ ಭಾಷೆಗಳಲ್ಲಿ ಅವನು, ಅವಳು, ಅದು ಮೂರಕ್ಕೂ ಒಂದೇ ಪದ. ಕನ್ನಡದಲ್ಲಿ ‘ಬಂದನು’, ‘ಬಂದಳು’, ‘ಬಂದಿತು’ ಎಂದು ಯಾವುದಾದರೊಂದನ್ನು ಆರಿಸಲೇಬೇಕು. ನಮ್ಮ ಪುಣ್ಯಕ್ಕೆ ‘ಬರಲಿಲ್ಲ’ ಮಾತ್ರ ಮೂವರಿಗೂ ಸಲ್ಲುತ್ತದೆ. ಅದೇ ಅರ್ಥದ, ನವೋಯಿಯ ‘ಕೆಲ್ಮದಿ’ ಕೂಡ ಹಾಗೇ. ನಲ್ಲೆಗೆ ಕಾದವನು ನಲ್ಲೆಯೆಂದು, ದೇವರಿಗೆ ಕಾದವನು ದೇವರೆಂದು ಕೇಳಿಸಿಕೊಳ್ಳಬಹುದು. ಈ ಕಾವ್ಯದಲ್ಲಿ ‘ಯೋರ್’ ಎಂದರೆ ಪ್ರಿಯ ಜೀವವೂ ಹೌದು ಪರಮಾತ್ಮನೂ ಹೌದು, ‘ಮೈ’ ಎಂದರೆ ಮದ್ಯವೂ ಹೌದು ಮೈಮರೆವೂ ಹೌದು. ಒಂದನ್ನು ಕಳಚಿ ಇನ್ನೊಂದನ್ನು ಉಳಿಸಿಕೊಳ್ಳಲು ಹೋದರೆ ಕವಿತೆಯೇ ಹರಿಯುತ್ತದೆ.

ಹಾಗಾದರೆ ಚಪ್ಪಾಳೆ ಎಲ್ಲಿ ಹೋಯಿತು? ನಮ್ಮ ಕಿವಿ ಪಳಗಿರುವುದು ಚಿಶ್ತಿ ಪಂಥದ ರೂಢಿಗೆ. ಕಲಬುರಗಿಯ ಬಂದೇ ನವಾಜರು ಚಿಶ್ತಿಗಳು, ಅವರಲ್ಲಿ ಸಂಗೀತ ಕೇಳುವುದೇ ಒಂದು ಸಾಧನೆ. ಬುಖಾರಾದ ಬಹಾವುದ್ದೀನ್ ನಕ್ಷಬಂದ್ (1318–1389) ಹಿಡಿದದ್ದು ಬೇರೆ ದಾರಿ. ಅವರ ಪಂಥದಲ್ಲಿ ನಾಮಸ್ಮರಣೆ ಮೌನವಾಗಿ, ಎದೆಯೊಳಗೆ. ‘ಮನಸ್ಸು ಪ್ರಿಯನಲ್ಲಿ, ಕೈ ಕೆಲಸದಲ್ಲಿ’ ಎಂಬುದು ಅವರ ಹೆಸರಿನಲ್ಲಿ ಓಡಾಡುವ ಮಾತು. ನವೋಯಿಗೆ ಗುರುವಾದ ಕವಿ ಜಾಮಿಯೂ ಈ ಪಂಥದವನೇ. ಆದರೆ ಎಲ್ಲರೂ ಮೌನಿಗಳೇನಲ್ಲ. ಸೂಫಿ ಸಂತ ಅಹ್ಮದ್ ಯಸವಿಯ ಅನುಯಾಯಿಗಳು ಗಟ್ಟಿಯಾಗಿ ಉಸಿರೆಳೆದು ಬಿಟ್ಟು ಜಿಕ್ರ್, ಎಂದರೆ ನಾಮಸ್ಮರಣೆ, ಮಾಡುತ್ತಿದ್ದರು, ಕೇಳಿದವರು ಅದಕ್ಕೆ ‘ಗರಗಸದ ಜಿಕ್ರ್’ ಎಂದೇ ಹೆಸರಿಟ್ಟರು. ಫರ್ಗಾನಾ ಕಣಿವೆಯ ‘ಕತ್ತಾ ಅಶುಲಾ’ದಲ್ಲಿ, ಎಂದರೆ ದೊಡ್ಡ ಹಾಡಿನಲ್ಲಿ, ವಾದ್ಯಗಳೇ ಇಲ್ಲ. ಗಾಯಕರು ಒಂದು ತಟ್ಟೆಯನ್ನು ಬಾಯ ಪಕ್ಕ ಹಿಡಿದು, ಕಂಠ ಬಯಲಿನಾಚೆಗೂ ಕೇಳುವಂತೆ ಕೂಗಿ ಹಾಡುತ್ತಾರೆ. ಮುನೋಜೋತ್ 1960ರಲ್ಲಿ ಹುಟ್ಟಿದ್ದು ಈ ಕಣಿವೆಯಲ್ಲೇ. ಬಾಬರ್ ಹುಟ್ಟಿದ ಅಂದಿಜಾನ್ ಇರುವುದೂ ಇಲ್ಲೇ.

ಇಷ್ಟು ಪದಗಳ ಮಾತಾಯಿತು. ನನ್ನ ಕಿವಿಗೆ ಸೂಫಿತನ ಹೆಚ್ಚು ಸಿಕ್ಕುವುದು ಸ್ವರದ ನಡಿಗೆಯಲ್ಲಿ. ಹಾಡು ‘ದರೋಮದ್’ನಲ್ಲಿ, ಎಂದರೆ ಪ್ರವೇಶದಲ್ಲಿ, ತಗ್ಗಿನ ದನಿಯಲ್ಲಿ ಶುರುವಾಗುತ್ತದೆ. ತಂಬೂರ್, ದುತೋರ್ ಒಂದೆರಡು ತಂತಿಯ ಆಸರೆ ಕೊಡುತ್ತವೆ, ದೊಯಿರಾ ಎಂಬ ತಮಟೆ ತಾಳ ಹಿಡಿಯುತ್ತದೆ. ಆಮೇಲೆ ‘ಮಿಯೋನ್‌ಖತ್’, ನಡುವಿನ ಮೆಟ್ಟಿಲು. ಆಮೇಲೆ ‘ದುನಸ್ರ್’, ಶುರುವಿನ ಧಾಟಿಯೇ ಒಂದು ಸ್ಥಾಯಿ ಮೇಲೆ. ಕೊನೆಗೆ ‘ಅವ್ಜ್’, ಶಿಖರ. ಇಲ್ಲಿಗೆ ಬರಲು ಗಾಯಕಿ ಆತುರಪಡುವುದಿಲ್ಲ. ತಾರಸ್ಥಾಯಿಗೆ ಜಿಗಿದು ಶಹಬ್ಬಾಸ್ ಗಿಟ್ಟಿಸುವ ಆಟ ಇಲ್ಲಿ ನಡೆಯದು. ಕೆಳಗಿನ ಮೆಟ್ಟಿಲುಗಳಲ್ಲಿ ಕಾದಷ್ಟೂ ಶಿಖರಕ್ಕೆ ಬೆಲೆ. ಅಲ್ಲಿ ಕಂಠ ನಡುಗುತ್ತದೆ, ಬಿಕ್ಕುತ್ತದೆ. ಆ ನಡುಕಕ್ಕೆ ‘ನೋಲಾ’ ಅನ್ನುತ್ತಾರೆ, ಎಂದರೆ ನರಳಿಕೆ. ಗಾಯಕಿಯಲ್ಲಿ ‘ದರ್ದ್’, ಎಂದರೆ ನೋವು, ಇದೆಯೋ ಇಲ್ಲವೋ ಎಂದು ರಸಿಕರು ಅಳೆಯುವುದು ಇಲ್ಲಿಯೇ. ಶಿಖರದಲ್ಲೇ ಹಾಡು ಮುಗಿಯುವುದೂ ಇಲ್ಲ, ಮತ್ತೆ ಮೆಲ್ಲಗೆ ಇಳಿದು, ಹೊರಟ ಜಾಗಕ್ಕೆ ಬಂದು ನಿಲ್ಲುತ್ತದೆ.

ಮಕೋಮ್ ಎಂಬ ಪದಕ್ಕೂ ಎರಡು ಅರ್ಥ. ಸಂಗೀತದಲ್ಲಿ ಅದು ರಾಗದಂಥದ್ದು. ಬುಖಾರಾದ ಶಶ್‌ಮಕೋಮ್ ಎಂದರೆ ಬುಜ್ರುಕ್, ರೋಸ್ತ್, ನವೋ, ದುಗೋಹ್, ಸೆಗೋಹ್, ಇರೋಕ್ ಎಂಬ ಆರು ಮಕೋಮ್‌ಗಳ ಕಟ್ಟು. ಸೂಫಿಗಳ ಬಾಯಲ್ಲಿ ಅದೇ ಪದ ಸಾಧಕ ದಾಟುವ ಒಂದೊಂದು ನೆಲೆ. ಇನ್ನು ಹಾಡುವವರನ್ನು ಅಲ್ಲಿ ‘ಹೋಫಿಜ್’ ಎಂದು ಕರೆಯುತ್ತಾರೆ. ಕುರಾನನ್ನು ಬಾಯಿಪಾಠ ಮಾಡಿದವರ ಬಿರುದು ಗಾಯಕರಿಗೂ ಬಂದಿದೆ.

ಈ ಇಬ್ಬಗೆಯ ಮಾತು ಬರೀ ಅಲಂಕಾರವಾಗಿರಲಿಲ್ಲ, ಎಷ್ಟೋ ಸಲ ರಕ್ಷಣೆಯೂ ಆಗಿತ್ತು. ಮರ್ಯಾದಸ್ಥರ ಧರ್ಮವನ್ನು ಮುಖಕ್ಕೇ ಹಂಗಿಸಿದ ಅಲೆಮಾರಿ ಕವಿ ಮಶ್ರಬ್‌ನನ್ನು 1711ರಲ್ಲಿ ಬಲ್ಖ್‌ನಲ್ಲಿ ಗಲ್ಲಿಗೇರಿಸಿದರು. ಸೋವಿಯತ್ ಕಾಲದಲ್ಲಿ ದೇವರ ಹೆಸರು ಹೇಳುವುದೇ ಕಷ್ಟವಾಯಿತು. 1950ರ ದಶಕದ ಆರಂಭದಲ್ಲಂತೂ ಮಕೋಮ್ ಅನ್ನೇ ಪಾಳೇಗಾರಿಕೆಯ ಪಳೆಯುಳಿಕೆ ಎಂದು ಮೂಲೆಗೆ ತಳ್ಳಿದರು. ಆದರೆ ‘ಅವರು ಬರಲಿಲ್ಲ, ನಿದ್ದೆ ಬರಲಿಲ್ಲ’ ಎಂಬ ಹಾಡಿನಲ್ಲಿ ಯಾವ ಅಧಿಕಾರಿ ಯಾವ ತಪ್ಪು ಹುಡುಕಬೇಕು? ಅದು ಪ್ರೇಮಗೀತೆಯಾಗಿ ಪಾರಾಯಿತು. 1959ರಲ್ಲಿ ಯೂನುಸ್ ರಜಬಿ ತಾಷ್ಕೆಂಟ್ ರೇಡಿಯೋದಲ್ಲಿ ಮಕೋಮ್ ವೃಂದ ಕಟ್ಟಿದರು. ಯುನೆಸ್ಕೋ ತನ್ನ ಪಟ್ಟಿಗೆ ಶಶ್‌ಮಕೋಮ್ ಅನ್ನು 2008ರಲ್ಲಿ, ಕತ್ತಾ ಅಶುಲಾವನ್ನು 2009ರಲ್ಲಿ ಸೇರಿಸಿತು.

ಮುನೋಜೋತ್ ಕಲಿತದ್ದು ತಾಷ್ಕೆಂಟಿನ ಸಂಗೀತ ವಿದ್ಯಾಲಯದಲ್ಲಿ. ಆದರೆ ಅವರನ್ನು ರೂಪಿಸಿದ್ದು ಗುರು, ರುಬಾಬ್ ಎಂಬ ತಂತಿವಾದ್ಯದ ವಾದಕ ಶವ್ಕತ್ ಮಿರ್ಜಾಯೇವ್. ಪದವಿ ಮುಗಿದ ಮೇಲೂ ಆ ನಂಟು ಮುಗಿಯಲಿಲ್ಲ, ವೇದಿಕೆಯಲ್ಲಿ ದಶಕಗಳ ಕಾಲ ಗುರು ನುಡಿಸಿದರು, ಶಿಷ್ಯೆ ಹಾಡಿದರು.

ಇನ್ನೊಮ್ಮೆ ಕೇಳುವಾಗ ಅರ್ಥದ ಚಿಂತೆ ಬಿಡಿ. ನವೋಯಿಯ ಆ ಗಜಲನ್ನು ಯಾರ ಕಂಠದಲ್ಲಾದರೂ ಹಚ್ಚಿ, ‘ಕೆಲ್ಮದಿ’ ಎಂಬ ಒಂದೇ ಪದವನ್ನು ಹಿಡಿದು ಕೂತುಕೊಳ್ಳಿ. ಪ್ರತಿ ದ್ವಿಪದಿಯ ಕೊನೆಗೂ ಅದು ಬರುತ್ತದೆ: ಮೊದಲು ಕೆಳಗೆ, ಹೆಚ್ಚುಕಡಿಮೆ ಮಾತಿನ ಹಾಗೆ, ಆಮೇಲೆ ಒಂದು ಸ್ಥಾಯಿ ಮೇಲೆ.