ತೆರೆಯ ಅಗಲಕ್ಕೂ ಒಂದು ಕಥೆಯಿದೆ

ಸಿನಿಮಾದ ಚೌಕಟ್ಟು ಇಂತಿಷ್ಟೇ ಅಗಲ ಇರಬೇಕು ಎಂದು ಮೊದಲು ತೀರ್ಮಾನಿಸಿದ್ದು ಯಂತ್ರ, ಕಲಾವಿದರಲ್ಲ. 1892ರ ಸುಮಾರಿಗೆ ಎಡಿಸನ್ ಪ್ರಯೋಗಾಲಯದ ವಿಲಿಯಂ ಡಿಕ್ಸನ್ 35 ಮಿ.ಮೀ. ರೀಲಿನ ಅಂಚಿನ ನಾಲ್ಕು ತೂತುಗಳಷ್ಟು ಎತ್ತರವನ್ನು ಒಂದು ಚಿತ್ರಕ್ಕೆ ಇಟ್ಟ. ಎತ್ತರ ಒಂದಾದರೆ ಅಗಲ 1.33. ಮುಂದೆ ಸಿನಿಮಾಕ್ಕೆ ಮಾತು ಬಂತು. ಅದೇ ರೀಲಿನಲ್ಲಿ ಧ್ವನಿಗೂ ಜಾಗ ಬೇಕಾಯಿತು. ಹಾಗೆ ಕಿರಿದಾದ ಚಿತ್ರದ ಎತ್ತರವನ್ನೂ ತಗ್ಗಿಸಿ, 1932ರಲ್ಲಿ ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿ 1.37ಕ್ಕೆ ಮುದ್ರೆ ಒತ್ತಿತು. ಈ ಅಳತೆ ಮನುಷ್ಯನ ಮುಖಕ್ಕೆ ಚೆನ್ನಾಗಿ ಒಗ್ಗುತ್ತದೆ. ಕ್ಲೋಸಪ್ಪಿನಲ್ಲಿ ಮುಖವೇ ತೆರೆ ತುಂಬುವುದರಿಂದ ನೋಡುವವರ ಕಣ್ಣಿಗೆ ತಪ್ಪಿಸಿಕೊಳ್ಳಲು ಬೇರೆ ಜಾಗವೇ ಇರುವುದಿಲ್ಲ.

ಟಿವಿಯೂ ಹೆಚ್ಚುಕಡಿಮೆ ಇದೇ ಆಕಾರ ಹಿಡಿಯಿತು. ಅಮೆರಿಕದ ಜನ ಮನೆಯಲ್ಲೇ ಕೂತು ನೋಡತೊಡಗಿದಾಗ ಸ್ಟುಡಿಯೊಗಳಿಗೆ ದಿಗಿಲಾಯಿತು. ಮನೆಯಲ್ಲಿ ಸಿಗದ ಅಗಲ ತೋರಿಸಲು 1953ರಲ್ಲಿ ಫಾಕ್ಸ್ ಸಂಸ್ಥೆ ಸಿನಿಮಾಸ್ಕೋಪ್ ತಂದಿತು. ಫ್ರಾನ್ಸಿನ ಆನ್ರಿ ಕ್ರೆಟಿಯೆನ್ 1920ರ ದಶಕದಲ್ಲೇ ರೂಪಿಸಿದ್ದ ಅನಾಮಾರ್ಫಿಕ್ ಲೆನ್ಸ್ ಅದರ ಜೀವಾಳ. ಅದು ದೃಶ್ಯವನ್ನು ಅಡ್ಡಡ್ಡ ಹಿಂಡಿ ರೀಲಿನೊಳಗೆ ಕೂರಿಸುತ್ತದೆ. ಆ ರೀಲನ್ನು ಬೆಳಕಿಗೆ ಹಿಡಿದರೆ ಎಲ್ಲರೂ ಕಡ್ಡಿಯಂತೆ ಸಣಕಲು. ಪ್ರೊಜೆಕ್ಟರಿನ ಲೆನ್ಸ್ ಅವರನ್ನು ಮತ್ತೆ ಹಿಗ್ಗಿಸುತ್ತದೆ. ಮೊದಲಿಗೆ 2.55 ಇದ್ದ ಅಗಲ ಆಮೇಲೆ 2.35ಕ್ಕೆ ನಿಂತಿತು.

ವ್ಯಾಪಾರಕ್ಕೆಂದು ಬಂದ ಈ ಅಗಲವನ್ನು ಅರ್ಥಕ್ಕೆ ದುಡಿಸಿಕೊಂಡವರಲ್ಲಿ ನನಗೆ ಮೊದಲು ನೆನಪಾಗುವುದು ಜಪಾನಿನ ನಿರ್ದೇಶಕ ಅಕಿರ ಕುರೊಸಾವ. 1963ರ ‘ಹೈ ಅಂಡ್ ಲೋ’ ಚಿತ್ರದ ಮೊದಲ ಭಾಗ ಬಹುಪಾಲು ಒಬ್ಬ ಸಿರಿವಂತನ ಹಜಾರದಲ್ಲೇ ನಡೆಯುತ್ತದೆ. ಅಪಹರಣಕಾರ ಅವನ ಮಗನೆಂದುಕೊಂಡು ಡ್ರೈವರನ ಮಗನನ್ನು ಹೊತ್ತೊಯ್ದಿದ್ದಾನೆ. ಹಣ ಕೊಟ್ಟರೆ ಯಜಮಾನ ಬೀದಿಗೆ ಬೀಳುತ್ತಾನೆ. ಯಜಮಾನ, ಹೆಂಡತಿ, ಪೊಲೀಸರು, ತಲೆ ತಗ್ಗಿಸಿದ ಡ್ರೈವರ್, ಎಲ್ಲರೂ ಒಂದೇ ಚೌಕಟ್ಟಿನಲ್ಲಿ ಇರುತ್ತಾರೆ. ಯಾರು ಯಾರಿಂದ ಎಷ್ಟು ದೂರ ನಿಂತಿದ್ದಾರೆ ಎಂಬುದೇ ಅಲ್ಲಿ ಮಾತಾಡುತ್ತದೆ. ಯಾರ ಮುಖ ನೋಡಬೇಕು ಎಂಬ ಆಯ್ಕೆ ನಮ್ಮದು, ಆ ಸಂಕಟವೂ ನಮ್ಮದೇ.

ಇಂಥ ಚಿತ್ರಗಳನ್ನು ಹಳೆಯ ಟಿವಿಗೆ ಹೊಂದಿಸಲು ‘ಪ್ಯಾನ್ ಅಂಡ್ ಸ್ಕ್ಯಾನ್’ ಎಂಬ ಕತ್ತರಿ ಬಂತು. 2.35ರ ಚಿತ್ರವನ್ನು 1.33ಕ್ಕೆ ಕತ್ತರಿಸಿದರೆ ಅಗಲದಲ್ಲಿ ಶೇ 43ರಷ್ಟು ಹೋಗುತ್ತದೆ. ಹೋಗುವುದು ಬರೀ ಗೋಡೆ, ಕುರ್ಚಿ ಅಲ್ಲ. ಮೂಲೆಯಲ್ಲಿ ನಿಂತು ಬೇಡುವವನೇ ಮಾಯವಾಗಬಹುದು. ಇದನ್ನು ಅಳತೆ ಹೊಂದಿಸುವುದು ಎನ್ನಲಾಗದು, ಇದು ದೃಶ್ಯವನ್ನೇ ಬೇರೆ ಮಾಡುವುದು. 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ ಎರಡು ತುದಿಗಳಿಗೂ ನಡುವಿನ 16:9 (ಅಂದರೆ 1.78) ಸೂಚಿಸಿದರು. ಇಂದಿನ ಟಿವಿಗಳ ಆಕಾರ ಅದೇ.

ಈಗ ಆಕಾರ ನಿರ್ದೇಶಕರ ಆಯ್ಕೆ. ಕೆನಡಾದ ಝೇವಿಯರ್ ಡೊಲಾನ್ 2014ರ ‘ಮಮ್ಮಿ’ಯನ್ನು ಬಹುತೇಕ ಚಚ್ಚೌಕದಲ್ಲೇ ಚಿತ್ರಿಸಿದ್ದಾರೆ. ನಡುವೆ ಹುಡುಗ ಖುಷಿಯಲ್ಲಿ ಎರಡೂ ಕೈಯಿಂದ ಅಂಚುಗಳನ್ನು ತಳ್ಳುತ್ತಾನೆ, ತೆರೆ ಅಗಲವಾಗುತ್ತದೆ. ನೋಡುವವರ ಉಸಿರೂ ಸಡಿಲವಾಗುತ್ತದೆ.

ಆದರೆ ಕತ್ತರಿ ಈಗ ನಮ್ಮ ಬೆರಳಿಗೇ ಬಂದಿದೆ. 20:9 ಅಳತೆಯ ಮೊಬೈಲಿನಲ್ಲಿ 16:9 ಚಿತ್ರವನ್ನು ಹಿಗ್ಗಿಸಿ ಪರದೆ ತುಂಬಿಸಿದರೆ ಎತ್ತರದಲ್ಲಿ ಐದರಲ್ಲಿ ಒಂದು ಭಾಗ ಹೋಗುತ್ತದೆ. 1.37ರ ಹಳೆಯ ಚಿತ್ರವಾದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಕ್ಲೋಸಪ್ಪಿನಲ್ಲಿ ಮೊದಲು ಕಾಣೆಯಾಗುವುದು ಹಣೆ ಮತ್ತು ಗಲ್ಲ.